ಎರಡು ಮೀಟರ್ ನೀರು

ಜುಲೈ 21, ಸೋಮವಾರ

ಕಂಪ್ಯೂಟರಿನಲ್ಲಿ ಇಪ್ಪತ್ತಾರನೆಯ ರನ್ ಮುಗಿಯಿತು. ಮೂವತ್ತೊಂದು ತಾಸು. ಗ್ರಾಫ್ ಅದೇ ಹಳೆಯ ಸಪಾಟು ಗೆರೆ. ಹೊಳೆಗೆ ಅಡ್ಡ ಹಾಕಿದ ಪೈಪಿಗೆ ಬಡಿದ ನೀರು ಮೇಲೊಂದು ಪಾಲು, ಕೆಳಗೊಂದು ಪಾಲಾಗಿ ಹೋಗಿ ಹಿಂದೆ ಸುಮ್ಮನೆ ಕೂಡಿಕೊಳ್ಳುತ್ತದೆ. ಸುಳಿ ಏಳುವುದಿಲ್ಲ. ಸುಳಿ ಇಲ್ಲ ಅಂದರೆ ಪೈಪಿಗೆ ನಡುಕವಿಲ್ಲ. ನಾಲ್ಕನೆಯ ಅಧ್ಯಾಯ ಮುಗಿದಂತೆ.

ಇನ್ನು ಐದನೆಯದು — ಒರಟು ಪೈಪು. ಇಲ್ಲಿಯತನಕ ಮಾಡಿದ್ದೆಲ್ಲ ನುಣುಪು ಪೈಪಿನ ಲೆಕ್ಕ. ಬಸವನಗಡ್ಡಿ ಹತ್ತಿರ ಕಾಗಿಣಾ ಹೊಳೆ ದಾಟುವ ಪೈಪು ಹದಿನೇಳು ವರ್ಷದಿಂದ ನೀರಲ್ಲಿದೆ, ನುಣ್ಣಗೆ ಎಲ್ಲಿ ಉಳಿದೀತು. ಗುರುವಾರ ಹೋಗಿ ಅಳೆದು ಬರಬೇಕು. ಸೆಪ್ಟೆಂಬರ್ ಕೊನೆಗೆ ಥೀಸಿಸ್ ಒಪ್ಪಿಸದಿದ್ದರೆ ಆರನೆಯ ವರ್ಷಕ್ಕೆ ಬೀಳುತ್ತೇನೆ.

ಎರಡು ಕ್ಲಾಸು, ಒಂದು ಸೂಪರ್‌ವಿಷನ್. ಶಹಾಬಾದಿನ ಕಾಲೇಜಿನಿಂದ ಬರುವಾಗ ವಾಡಿಯಲ್ಲಿ ಗಾಡಿ ನಲವತ್ತು ನಿಮಿಷ ನಿಂತಿತು. ಆದಿತ್ಯನಗರದ ಕ್ವಾರ್ಟರ್ಸ್ ಮುಟ್ಟುವಷ್ಟರಲ್ಲಿ ಇವರು ಸೆಕೆಂಡ್ ಶಿಫ್ಟಿಗೆ ಹೋಗಿಯಾಗಿತ್ತು. ರೊಟ್ಟಿ, ಪುಂಡಿಪಲ್ಯ ಮುಚ್ಚಿಟ್ಟಿದ್ದರು. ಚೀಟಿ: "ಉಪ್ಪು ಜರಾ ಜಾಸ್ತಿ ಆಗ್ಯದ. ಕಾಶೀನಾಥ." ಹೆಂಡತಿಗೆ ಬರೆದ ಚೀಟಿಗೂ ಸಹಿ. ಫ್ಯಾಕ್ಟರಿಯಲ್ಲಿ ವೆಲ್ಡಿಂಗ್ ತಪಾಸಣೆ ಮಾಡಿ ಮಾಡಿ ಬಂದ ಚಾಳಿ.

ಜುಲೈ 24, ಗುರುವಾರ

ಬಸವನಗಡ್ಡಿಯ ಪಂಪ್‌ಹೌಸ್. ನೀರಿನ ಮಟ್ಟ ತೋರಿಸುವ ಗೇಜಿನ ಪಟ್ಟಿಯಲ್ಲಿ 0.6 ಮೀಟರ್. ಪೈಪಿನ ಅರ್ಧಕ್ಕೂ ನೀರಿಲ್ಲ. ವಾಲ್ವ್‌ಮನ್ ವಿಠೋಬಾ ಜೊತೆಗೆ ಬಂದ. ಐವತ್ತು ದಾಟಿದ ತೆಳ್ಳನೆಯ ಮನುಷ್ಯ, ತಲೆಗೆ ಟವೆಲ್ಲು. ಒಂಬತ್ತು ಹಳ್ಳಿಗೆ ಕುಡಿಯುವ ನೀರು ಹೋಗುವುದು ಇವನ ಕೈಯಿಂದ.

"ಹಕ್ಕಳಿ ಕಟ್ಟ್ಯದ ನೋಡ್ರಿ ಅಕ್ಕೋರ. ಕೆತ್ತಿದ್ರೂ ಹೋಗಂಗಿಲ್ಲ. ನಮ್ಮ ನೀರಾಗ ಸುಣ್ಣ ಭಾಳ."

ಸುಣ್ಣ, ತುಕ್ಕು, ಸಣ್ಣ ಚಿಪ್ಪು — ನಾಲ್ಕರಿಂದ ಒಂಬತ್ತು ಮಿಲಿಮೀಟರ್. ಪೈಪಿಗೂ ಕೆಳಗಿನ ಉಸುಕಿಗೂ ನಡುವೆ ಹನ್ನೆರಡು ಸೆಂಟಿಮೀಟರ್. ಕೈ ಹಾಕಿದರೆ ಮೊಣಕೈಗೆ ಸಿಕ್ಕಿಕೊಳ್ಳುತ್ತದೆ.

ಪೈಪಿನ ಮೇಲೆ ಎರಡಾಳೆತ್ತರದಲ್ಲಿ ಕಬ್ಬಿಣದ ಕಾಲುಸೇತುವೆ. ಪೈಪು ಕೂತ ಕಾಂಕ್ರೀಟ್ ಕಟ್ಟೆಗಳ ಮೇಲೆಯೇ ಅದರ ಕಂಬಗಳೂ ನಿಂತಿವೆ. ಸೇತುವೆ ಏಕೆ ಅಂತ ಇವತ್ತು ಸರಿಯಾಗಿ ತಿಳಿಯಿತು. ಕರೆಂಟ್ ಹೋಗಿ ಬಂದರೆ ಪೈಪಿನಲ್ಲಿ ಗಾಳಿ ತುಂಬಿಕೊಳ್ಳುತ್ತದೆ. ಯಾರಾದರೂ ನಡುಹೊಳೆಗೆ ನಡೆದು ಹೋಗಿ, ಆ ಗಾಳಿ ಬಿಡಲು ಪೈಪಿನಿಂದ ಮೇಲೆದ್ದು ನಿಂತ ಏರ್‌ವಾಲ್ವ್ ತೆಗೆಯಬೇಕು. ಇಲ್ಲದಿದ್ದರೆ ಪಂಪ್ ಉಬ್ಬಸಪಡುತ್ತದೆ, ಹಳ್ಳಿಗೆ ನೀರು ಮುಟ್ಟುವುದಿಲ್ಲ. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುತ್ತದೆ. ನಾಲ್ಕು ಸಲ ವಿಠೋಬಾ ನಡೆಯುತ್ತಾನೆ.

"ನೀರು ಎರಡು ಮೀಟರ್ ದಾಟ್ತಂದ್ರ ಥರಾಥರಾ ನಡಗ್ತದ್ರಿ ಇದು."

ನಕ್ಕೆ. "ನಡಗಂಗಿಲ್ಲ ವಿಠೋಬಾ. ನಾನೇ ಲೆಕ್ಕ ಮಾಡೀನಿ. ಲೆಕ್ಕದಾಗ ಬರಂಗಿಲ್ಲ."

"ಲೆಕ್ಕದಾಗ ಬರಂಗಿಲ್ಲೇನೋ. ಕಾಲಾಗ ಬರ್ತದ."

ಆಮೇಲೆ ಬೀಡಿ ಹಚ್ಚಿಕೊಂಡು ಮತ್ತೊಂದು ಮಾತು ಹೇಳಿದ. "ಹೊಳಿ ಬಂದಾಗ ಕೆಳಗಿನ ಉಸುಕು ಸುಮ್ನ ಕುಂದರ್ತದೇನ್ರಿ? ಅದೂ ಓಡ್ತದ. ನೀರಾಗ ನಿಂತ್ ನೋಡ್ರಿ, ಕಾಲ ಕೆಳಗಿಂದ ಜಾರ್ಕೋತ ಹೋಗ್ತದ."

ಜುಲೈ 25, ಗಾಡಿಯಲ್ಲಿ

ಚಿತ್ತಾಪುರ ದಾಟಿದ ಮೇಲೆ ತಲೆಗೆ ಹೊಳೆಯಿತು.

ನನ್ನ ಲೆಕ್ಕದಲ್ಲಿ ಉಸುಕು ನಿಂತಿದೆ. ಇಪ್ಪತ್ತಾರು ರನ್ನಿನಲ್ಲೂ ನಿಂತೇ ಇದೆ. ಹೊಳೆಯ ತಳವನ್ನು ಗೋಡೆ ಮಾಡಿಬಿಟ್ಟಿದ್ದೇನೆ. ನಿಂತ ಗೋಡೆ ಪಕ್ಕದ ನೀರನ್ನು ಹಿಡಿದು ನಿಧಾನ ಮಾಡುತ್ತದೆ, ಸಂದಿಯಲ್ಲಿ ಹರಿವು ಸೋಲುತ್ತದೆ, ಅದಕ್ಕೇ ಸುಳಿ ಏಳುವುದಿಲ್ಲ. ತಳವೇ ನೀರಿನ ಜೊತೆ ಓಡಿದರೆ?

ಮಾರ್ಚ್‌ನಲ್ಲಿ ನೀರಿನ ಯೋಜನೆಯವರಿಗೆ ನನ್ನ ಗೈಡ್ ಸರ್ ಹೆಸರಲ್ಲಿ ಹೋದ ವರದಿಯ ಲೆಕ್ಕವೂ ಇದೇ. ನಾನೇ ಟೈಪ್ ಮಾಡಿದ ವಾಕ್ಯ: "ಗೇಜ್ ಮೂರೂವರೆ ಮೀಟರ್ ಇರುವವರೆಗೆ ಪಂಪ್ ನಡೆಸಬಹುದು, ಕಾಲುಸೇತುವೆಯ ಮೇಲೆ ಸಿಬ್ಬಂದಿ ಓಡಾಡಬಹುದು."

ಸಿಬ್ಬಂದಿ ಅಂದರೆ ವಿಠೋಬಾ.

ಜುಲೈ 28

ಕಲಬುರಗಿಗೆ ಹೋಗಿ ಸಂಗಮೇಶ್ವರ ಸರ್ ಕಂಡೆ. ಐದು ವರ್ಷದಿಂದ ಗೈಡ್. ಬೈಯುವವರಲ್ಲ. ಪೂರ್ತಿ ಕೇಳಿದರು, ಚಹಾ ತರಿಸಿದರು.

"ಅಂವ ನಡಗ್ತದ ಅಂದ, ನೀ ನಂಬಿದಿ?"

"ನಂಬಿಲ್ಲ ಸರ್. ಚೆಕ್ ಮಾಡ್ತೀನಿ ಅಂದೆ."

"ಮಾಡು. ಖರೆ ಯಾರಿಗೂ ಹೇಳಬ್ಯಾಡ ಈಗೇ. ರಿಪೋರ್ಟ್ ಕೊಟ್ಟಾಗ್ಯದ. ನಾಳೆ ನೀ ತಪ್ಪಾದ್ರ ಒಂಬತ್ತು ಹಳ್ಳಿಗೆ ನೀರ್ ಬಂದ್ ಮಾಡಿಸಿದ ಪಾಪ ಯಾರ ತಲಿಮ್ಯಾಲ?"

ಚಹಾ ಮುಗಿಸಿ ಗಾಡಿ ಹಿಡಿದೆ.

ಆಗಸ್ಟ್ 5, ಮಂಗಳವಾರ

ಉಸುಕು ನೀರಿನ ಅರ್ಧ ವೇಗದಲ್ಲಿ ಓಡುವ ಹಾಗೆ ಇಟ್ಟು ಮಾಡಿದ ರನ್. ನುಣುಪು ಪೈಪು. ಬೆಳಿಗ್ಗೆ ಲ್ಯಾಬ್ ಬಾಗಿಲು ತೆಗೆದು ಸ್ಕ್ರೀನ್ ನೋಡಿದೆ.

ಗೆರೆ ಸಪಾಟಿಲ್ಲ.

ಮೊದಲ ಇಪ್ಪತ್ತು ಸೆಕೆಂಡ್ ಸುಮ್ಮನೆ. ಆಮೇಲೆ ಮೆಲ್ಲಗೆ ಒಂದು ಅಲೆ. ಅಲೆ ಬೆಳೆಯುತ್ತದೆ. ಪೈಪಿನ ಹಿಂದೆ ಮೇಲೊಂದು, ಕೆಳಗೊಂದು ಸುಳಿ — ಒಂದಾದ ಮೇಲೊಂದು ಬಿಟ್ಟುಕೊಂಡು ಹೋಗುತ್ತಿವೆ. ಪ್ರತಿ ಸುಳಿಯೂ ಪೈಪನ್ನು ಒಂದಿಷ್ಟು ಎತ್ತಿ ಇಳಿಸುತ್ತದೆ.

ಎರಡನೆಯ ಪೀರಿಯಡ್‌ಗೆ ಹೋಗಲಿಲ್ಲ. ಹುಡುಗಿಯರು ಬಂದು ಕರೆದರು. "ಮೇಡಂ, ಆರಾಮಿಲ್ಲೇನ್ರಿ?"

ಆಗಸ್ಟ್ 8

ಗ್ರಾಫ್ ಕಳಿಸಿದೆ. ಸರ್ ಫೋನ್ ಮಾಡಿದರು. ದನಿ ಬದಲಾಗಿತ್ತು.

"ಅಲೆ ಸಣ್ಣದದ ಭುವನಾ. ಅರ್ಧ ವೇಗ ಅಂತ ನೀ ಎಲ್ಲಿಂದ ತಂದಿ? ಉಸುಕು ಎಷ್ಟು ವೇಗದಾಗ ಓಡ್ತದ ಯಾರು ಅಳದಾರ?"

ಯಾರೂ ಅಳೆದಿಲ್ಲ. ಪ್ರಶ್ನೆ ಸರಿಯಾದದ್ದು. ಅದೇ ತ್ರಾಸು — ಸರ್ ಕೇಳುವುದೆಲ್ಲ ಸರಿಯಾದ ಪ್ರಶ್ನೆಗಳೇ.

"ಒರಟು ಪೈಪಿಂದೂ ಮಾಡು. ಎರಡೂ ಕೂಡಿ ಏನ್ ಬರ್ತದ ನೋಡೂಣು. ಅಲ್ಲೀತನಕ ಒಂದ್ ಮೇಲ್ ಸುದ್ದಾ ಕಳಿಸಬ್ಯಾಡ."

ಸೇಡಂ ಕಡೆ ಮೋಡ. ಗೇಜ್ 0.9. ದಿನಾ ಬೆಳಿಗ್ಗೆ ವಿಠೋಬಾಗೆ ಫೋನ್ ಮಾಡಿ ಗೇಜ್ ಕೇಳುತ್ತಿದ್ದೇನೆ. ಯಾಕಂತ ಅವನು ಕೇಳಿಲ್ಲ.

ಆಗಸ್ಟ್ 12, ಮಂಗಳವಾರ

ಗೇಜ್ 1.4.

ಒರಟು ಪೈಪಿನ ಮೆಶ್ — ಲೆಕ್ಕಕ್ಕೆ ಹೆಣೆಯುವ ಬಲೆ — ಮೂರು ಸಲ ಕೆಟ್ಟಿತು. ಹಕ್ಕಳೆಯ ಪ್ರತಿ ಉಬ್ಬಿನ ಸುತ್ತ ಸಣ್ಣ ಸಣ್ಣ ಚೌಕ ಬೇಕು, ಕಂಪ್ಯೂಟರ್ ಏದುಸಿರು ಬಿಡುತ್ತಿದೆ. ಇವತ್ತು ಮಧ್ಯಾಹ್ನ ಹತ್ತಿತು. ಎಂಬತ್ತು ತಾಸು ಅಂತ ತೋರಿಸುತ್ತದೆ.

ಸರ್ ಬೇಡ ಅಂದರೂ ತಡೆಯಲಾಗದೆ ನೀರಿನ ಯೋಜನೆಯ ಜೆ.ಇ. ರಾಜರತ್ನ ಅವರಿಗೆ ಫೋನ್ ಮಾಡಿದೆ. ಸಣ್ಣ ವಯಸ್ಸು, ಮರ್ಯಾದೆಯ ಮನುಷ್ಯ.

"ನೀರು ಎರಡು ಮುಟ್ಟಿದ್ರ ಸೇತುವೆ ಮ್ಯಾಲ ಯಾರನ್ನೂ ಬಿಡಬ್ಯಾಡ್ರಿ."

"ಮೇಡಂ, ನಿಮ್ಮ ರಿಪೋರ್ಟ್‌ನಾಗೇ ಮೂರೂವರೆ ಅದ ಅಲ್ರಿ?"

"ಅದು ತಪ್ಪಿರಬಹುದು."

"ಇರಬಹುದು ಅಂದ್ರ ನಾ ಏನ್ ಬರೀಲಿ ಫೈಲ್‌ನಾಗ? ಬರದು ಕೊಡ್ರಿ. ಸಹಿ ಮಾಡಿ ಕೊಡ್ರಿ. ನಾ ಬಂದ್ ಮಾಡಸ್ತೀನಿ."

ಬರೆದು ಕೊಡಲು ನನ್ನ ಕೈಯಲ್ಲಿ ಇರುವುದು ಒಂದು ಸಣ್ಣ ಅಲೆ.

ಆಗಸ್ಟ್ 13

ಮಳೆ. ಗೇಜ್ 1.5. ಕಾಯುವುದು.

ಆಗಸ್ಟ್ 15, ಶುಕ್ರವಾರ

ಬೆಳಿಗ್ಗೆ ಧ್ವಜ ಏರಿಸಿ ಲಾಡು ಹಂಚಿ ಲ್ಯಾಬಿಗೆ ಓಡಿದೆ. ಕತ್ತಲು. ನಿನ್ನೆ ಸಂಜೆ ರಜೆ ಅಂತ ಯಾರೋ ಬಿಲ್ಡಿಂಗಿನ ಮೇನ್ ಸ್ವಿಚ್ಚೇ ಆರಿಸಿ ಹೋಗಿದ್ದಾರೆ. ಕುರ್ಚಿಯಲ್ಲಿ ಕೂತು ಅತ್ತೆ. ಮೂವತ್ತೆಂಟು ವರ್ಷದವಳು, ಒಂದು ಸ್ವಿಚ್ಚಿಗೆ.

ಐವತ್ತನೆಯ ತಾಸಿನ ತನಕದ್ದು ಉಳಿದಿದೆ. ಅಲ್ಲಿಂದ ಮತ್ತೆ ಹಚ್ಚಿದೆ. ಮನೆಗೆ ಹೋಗಲಿಲ್ಲ. ಹಾಸ್ಟೆಲಿನಲ್ಲಿ ಹುಡುಗಿಯರ ಜೊತೆ ಮಲಗುತ್ತೇನೆ. ಇವರಿಗೆ ಫೋನ್ ಮಾಡಿದೆ. "ಊಟ ಮಾಡು ಮೊದ್ಲ," ಅಂದರು.

ಗೇಜ್ 1.7.

ಆಗಸ್ಟ್ 16, ಶನಿವಾರ, ಸಂಜೆ 5

ಬಂತು.

ಒರಟು ಪೈಪು, ಓಡುವ ಉಸುಕು. ಅಲೆ ಸಣ್ಣದಲ್ಲ. ನುಣುಪು ಪೈಪಿನದಕ್ಕಿಂತ ಎರಡೂವರೆ ಪಟ್ಟು. ಸೆಕೆಂಡಿಗೆ 1.2 ಸುಳಿ ಜೋಡಿ — ನೀರಿನ ವೇಗ ಸೆಕೆಂಡಿಗೆ ಎರಡೂವರೆ ಮೀಟರ್ ಇದ್ದಾಗ. ಆ ವೇಗ ಬರುವುದು ಗೇಜ್ ಎರಡರ ಆಚೀಚೆ.

ಕಟ್ಟೆಯಿಂದ ಕಟ್ಟೆಗೆ ಇಪ್ಪತ್ತು ಮೀಟರ್. ಆ ಉದ್ದದ ಪೈಪು ತಾನಾಗಿ ತೂಗುವ ಲಯ ಮಾರ್ಚ್‌ನಲ್ಲೇ ತೆಗೆದಿಟ್ಟಿದ್ದೆ. ನೋಟ್‌ಬುಕ್ ತೆರೆಯುವಾಗಲೇ ಗೊತ್ತಿತ್ತು. 1.2.

ಜೋಕಾಲಿಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ.

ಸರ್‌ಗೆ ಫೋನ್ — ಸ್ವಿಚ್ ಆಫ್. ಮೇಲ್ ಕಳಿಸಿದೆ. 7.30. ಸರ್ ಉತ್ತರ ಬಂತು: "ಸೋಮವಾರ ಕೂತು ಮಾತಾಡೋಣ."

ಗೇಜ್ 1.9.

ಆಗಸ್ಟ್ 17, ಭಾನುವಾರ

ಸಂಜೆ ಬರೆಯುತ್ತಿದ್ದೇನೆ.

ರಾತ್ರಿಯ ಗಾಡಿಗೆ ಮನೆಗೆ ಬಂದಿದ್ದೆ. ಬೆಳಿಗ್ಗೆ ಐದಕ್ಕೆ ಎದ್ದು ಕಾಗದ ಬರೆದೆ. "ಮಾರ್ಚ್ ತಿಂಗಳ ವರದಿಯಲ್ಲಿನ ಲೆಕ್ಕ ನಾನು ಮಾಡಿದ್ದು. ಅದು ತಪ್ಪು. ಗೇಜ್ ಎರಡು ಮೀಟರ್ ಸಮೀಪಿಸಿದಾಗ ಪಂಪ್ ನಿಲ್ಲಿಸಬೇಕು, ಕಾಲುಸೇತುವೆಯ ಮೇಲೆ ಯಾರನ್ನೂ ಬಿಡಬಾರದು." ನನ್ನೊಬ್ಬಳದೇ ಸಹಿ. ಇವರು ಎದುರಿಗೆ ಕೂತು ಓದಿದರು.

"ಸರ್ ಸಹಿ ಇಲ್ಲದ ಇದು ನಡೀತದೇನು?"

"ಗೊತ್ತಿಲ್ಲ."

"ಥೀಸಿಸ್?"

"ಗೊತ್ತಿಲ್ರಿ."

ಎದ್ದು ಬೈಕಿನ ಕೀಲಿ ತಗೊಂಡರು. "ನಡಿ. ಆಟೋ ಸಿಗಂಗಿಲ್ಲ ಈ ಮಳ್ಯಾಗ."

ಫೋಟೋ ತೆಗೆದು ರಾಜರತ್ನ ಅವರಿಗೆ ಕಳಿಸಿ ಹೊರಟೆವು. ಗಡ್ಡಿ ಮುಟ್ಟಿದಾಗ ಏಳೂವರೆ. ಗೇಜ್ 2.1. ಹೊಳೆ ಕೆಂಪು. ಪೈಪು ಕಾಣುವುದಿಲ್ಲ, ಕಾಲುಸೇತುವೆಯ ಕಂಬಗಳಷ್ಟೇ ನೀರನ್ನು ಸೀಳಿಕೊಂಡು ನಿಂತಿವೆ. ಆಗಷ್ಟೇ ಕರೆಂಟ್ ಬಂದಿತ್ತು. ಪಂಪ್ ಉಬ್ಬಸಪಡುತ್ತಿತ್ತು. ವಿಠೋಬಾ ವಾಲ್ವ್ ತಿರುಗಿಸುವ ಪಾನಾ ಹೆಗಲಿಗಿಟ್ಟು ಸೇತುವೆಯ ಗೇಟ್ ತೆಗೆಯುತ್ತಿದ್ದ.

"ಹೋಗಬ್ಯಾಡ!" ಕೂಗಿದೆ. ಮಳೆಯಲ್ಲಿ ಕೇಳಿಸಲಿಲ್ಲ. ಓಡಿ ಹೋಗಿ ತೋಳು ಹಿಡಿದೆ. ಗಾಬರಿಯಾಗಿ ನೋಡಿದ.

"ಏನಾತ್ರಿ ಅಕ್ಕೋರ?"

"ನೀ ಹೇಳಿದ್ದು ಖರೆ ಅದ. ನನ್ನ ಲೆಕ್ಕ ತಪ್ಪಿತ್ತು. ಹೋಗಬ್ಯಾಡ."

"ವಾಲ್ವ್ ತಗೀಲಿಲ್ಲಂದ್ರ ನೀರ್ ಹೋಗಂಗಿಲ್ರಿ. ನಿನ್ನಿಯಿಂದ ನೀರಿನ ಟಾಕಿ ಖಾಲಿ ಅವ. ಮೊನ್ನಿ ಮೂರು ಸಲ ಹೋಗಿ ಬಂದೀನಿ."

ಮೂರು ಸಲ. ಆಗ ಗೇಜ್ 1.7 ಇತ್ತು. ಇವತ್ತಿನದು 2.1.

ಸೇತುವೆಯ ಹಿಡಿಕಂಬಿಯ ಮೇಲೆ ಕೈ ಇಟ್ಟೆ. ಬರೆಯಲು ಈಗಲೂ ಆಗುತ್ತಿಲ್ಲ. ಐದು ವರ್ಷ ಸ್ಕ್ರೀನ್ ಮೇಲೆ ಬಣ್ಣದಲ್ಲಿ ನೋಡಿದ್ದು ಅಂಗೈಗೆ ಬಂತು. ಎತ್ತುತ್ತದೆ, ಇಳಿಸುತ್ತದೆ. ಎತ್ತುತ್ತದೆ, ಇಳಿಸುತ್ತದೆ. ಇವರು ವಾಚ್ ಹಿಡಿದರು, ನಾನು ಎಣಿಸಿದೆ. ಹತ್ತು ಸೆಕೆಂಡಿಗೆ ಹನ್ನೆರಡು. ಮತ್ತೆ ಎಣಿಸಿದೆ. ಹನ್ನೆರಡು. ಸರಿ ಬಂದದ್ದಕ್ಕೆ ಒಂದು ಕ್ಷಣ ಖುಷಿಯಾಯಿತು. ನಾಚಿಕೆಯ ಮಾತು, ಆದರೂ ಖರೆ.

ರಾಜರತ್ನ ಫೋನ್ ಎತ್ತಿದರು. "ಕಾಗದ ನೋಡೀನಿ ಮೇಡಂ. ಮ್ಯಾಲಿನವರಿಗೆ ಕಳ್ಸೀನಿ. ಆರ್ಡರ್ ಬರೂತನಕ ನಾ ಬಂದ್ ಮಾಡು ಅನ್ಲಾಕ ಬರಂಗಿಲ್ಲ."

"ಎಷ್ಟೊತ್ತು?"

"ಭಾನುವಾರ ಅದ ಅಲ್ರಿ..."

ಫೋನ್ ಸ್ಪೀಕರಿನಲ್ಲಿತ್ತು. ವಿಠೋಬಾ ಕೇಳಿಸಿಕೊಂಡ. ಹೊಳೆ ನೋಡಿದ, ನನ್ನ ಮುಖ ನೋಡಿದ. ಒಳಗೆ ಹೋಗಿ ಪಂಪ್ ಆರಿಸಿದ. ಆ ಸದ್ದು ನಿಂತಾಗ ಹೊಳೆಯ ಸದ್ದು ಒಮ್ಮೆಲೇ ದೊಡ್ಡದಾಯಿತು. ಹೊರಗೆ ಬಂದು ಗೇಟಿಗೆ ಬೀಗ ಹಾಕಿದ.

"ಆರ್ಡರ್ ಇಲ್ದ ಬಂದ್ ಮಾಡಿದ್ರ ನಿನಗ ತಕ್ಲೀಫ್ ಆಗ್ತದ," ಅಂದರು ಇವರು.

"ಆಗ್ತದ್ರಿ," ಅಂದ. "ಇಷ್ಟು ದಿನ ನಡಗ್ತದ ಅಂದ್ರ ಎಲ್ರೂ ನಕ್ಕರು. ಇವತ್ತ ಒಬ್ರು ಎಣಿಸಿದ್ರು. ಇನ್ನ ಮ್ಯಾಲ ನಾ ಹ್ಯಾಂಗ ಹೋಗ್ಲಿ?"

ಆಗಸ್ಟ್ 19

ಗೇಜ್ 2.6. ಪಂಪ್ ಬಂದ್, ಮೂರನೆಯ ದಿನ. ಆರ್ಡರ್ ನಿನ್ನೆ ಬಂತು: ಪಂಪ್ ನಿಲ್ಲಿಸಲು ಅಲ್ಲ. ಪರವಾನಗಿ ಇಲ್ಲದೆ ನಿಲ್ಲಿಸಿದ್ದಕ್ಕೆ ವಿಠೋಬಾ ಅಮಾನತು. ಬೀಗದ ಕೀಲಿ ಕೇಳಿದರೆ ಹೊಳೆಗೆ ಬಿತ್ತು ಅಂದನಂತೆ. ಹೊಸ ಆಳು ನೀರು ನೋಡಿ ಸೇತುವೆ ಹತ್ತಲು ಒಲ್ಲೆ ಅಂದ.

ಸರ್ ಫೋನ್. ಇಷ್ಟು ಸಿಟ್ಟು ಯಾವತ್ತೂ ಕಂಡಿರಲಿಲ್ಲ. "ನನ್ನ ಹೆಸರಿನ ರಿಪೋರ್ಟ್‌ಗೆ ನೀ ಒಬ್ಬಾಕಿ ತಪ್ಪು ಅಂತ ಬರದಿ. ಒಂದ್ ದಿನ ಕಾಯಲಾಕ ಆಗಲಿಲ್ಲೇನು?"

"ನೀರು ಕಾಯಲಿಲ್ಲ ಸರ್."

ಇಟ್ಟುಬಿಟ್ಟರು.

ಆಗಸ್ಟ್ 20, ಬುಧವಾರ

ಗೊತ್ತಿಲ್ಲದ ನಂಬರ್. ಒಂಬತ್ತರಲ್ಲಿ ಕೊನೆಯ ಹಳ್ಳಿಯ ಸುಗರಾಬಿ ಎನ್ನುವ ಹೆಂಗಸು. ನಂಬರ್ ಯಾರು ಕೊಟ್ಟರೋ.

"ನೀವೇ ಏನ್ರಿ ಕಂಪ್ಯೂಟರ್‌ದಾಗ ನೋಡಿ ನೀರ್ ಬಂದ್ ಮಾಡ್ಸಿದವ್ರು?"

"ಹೌದ್ರಿ."

"ನಾಲ್ಕ್ ದಿನ ಆತು. ರಸ್ತೇದಾಗ ಹಳ್ಳ ಬಂದದ, ಟ್ಯಾಂಕರ್ ಬರಂಗಿಲ್ಲ. ಬಾವಿ ನೀರ್ ಕೆಂಪಗದ. ಅದೇ ಕುಡದೀವಿ. ನಮ್ಮ ಮೊಮ್ಮಗಳು ಉಲ್ಟಿ ಮಾಡಾಕತ್ತಾಳ, ಕಣ್ಣ ತಗೀವಲ್ಲಳು. ಪೈಪು ಮುರದದೇನ್ರಿ?"

"ಇಲ್ಲ..."

"ಮುರದಿಲ್ಲ! ಮತ್ತ ಯಾಕ್ ಬಂದ್ ಮಾಡ್ಸಿರಿ ಅಕ್ಕೋರ?"

ಹೇಳಲು ನೋಡಿದೆ. ಸುಳಿ, ಉಸುಕು, ನಡುಕ. ಅರ್ಧದಲ್ಲಿ ಆಕೆ ಫೋನ್ ಇಟ್ಟಳು.

ಟ್ರ್ಯಾಕ್ಟರಿನಲ್ಲಿ ಹಳ್ಳ ದಾಟಿಸಿ ಮಗುವನ್ನು ಆಸ್ಪತ್ರೆಗೆ ತಂದಿದ್ದಾರೆ ಅಂತ ಸಂಜೆ ಗೊತ್ತಾಯಿತು. ಆ ಹಳ್ಳಿಯಿಂದ ಇನ್ನೂ ಆರು ಜನ. ಮಗುವಿಗೆ ನಾಲ್ಕು ವರ್ಷ. ಹೆಸರು ನಜಮುನ್ನೀಸಾ.

ಆಗಸ್ಟ್ 25, ಸೋಮವಾರ

ನಾಲ್ಕು ದಿನ ಈ ಡೈರಿ ತೆರೆಯಲಿಲ್ಲ.

ಹೊಳೆ ಇಳಿದಿದೆ. 1.1. ಪಂಪ್ ಶುಕ್ರವಾರದಿಂದ ನಡೆಯುತ್ತಿದೆ. ಪೈಪಿಗೆ ಏನೂ ಆಗಿಲ್ಲ. ಸೇತುವೆಗೂ ಏನೂ ಆದ ಹಾಗೆ ಕಾಣುವುದಿಲ್ಲ. ಎಲ್ಲ ನಿಂತಲ್ಲೇ ನಿಂತಿದೆ. ಗಾಡಿಯಲ್ಲಿ ಇಬ್ಬರು ಮಾತಾಡುವುದು ಕೇಳಿಸಿತು: "ಯಾರೋ ಮೇಡಂ ಅಂತ, ಪೈಪು ಹರಿತದ ಅಂತ ಹೆದರಿಸ್ಯಾಳ." ಕಿಟಕಿ ಕಡೆ ತಿರುಗಿಕೊಂಡೆ.

ಮಗು ಬದುಕಿದೆ. ಸಲೈನ್ ತೆಗೆದಿದ್ದಾರೆ. ದಿನಾ ಆಸ್ಪತ್ರೆಗೆ ಫೋನ್ ಮಾಡಿ ಸಂಬಂಧಿಕರು ಅಂತ ಸುಳ್ಳು ಹೇಳಿ ಕೇಳುತ್ತಿದ್ದೆ.

ನಾಳೆ ಸ್ಥಳ ತಪಾಸಣೆ. ರಾಜರತ್ನ, ಸರ್, ನಾನು. ವಿಠೋಬಾನನ್ನೂ ಕರೆದಿದ್ದಾರೆ, ಹೇಳಿಕೆ ಕೊಡಲು. ಇವರು ರಜೆ ಹಾಕಿ ಜೊತೆಗೆ ಬರುತ್ತೇನೆ ಅಂದರು. "ಕಣ್ಣಿಗೆ ಕಾಣಲಿಲ್ಲ ಅಂದ್ರ ಬಿರುಕು ಇಲ್ಲ ಅಂತಲ್ಲ. ಬಣ್ಣ ಹಚ್ಚಿ ನೋಡೂಣು."

ಆಗಸ್ಟ್ 26, ಮಂಗಳವಾರ

ಇಡೀ ದಿನ.

ಬಣ್ಣದ ಪರೀಕ್ಷೆ ಸರಳ. ಬೆಸುಗೆ ಉಜ್ಜಿ ಸ್ವಚ್ಛ ಮಾಡಿ ಕೆಂಪು ಬಣ್ಣ ಸಿಂಪಡಿಸಬೇಕು. ಸ್ವಲ್ಪ ಹೊತ್ತು ಬಿಟ್ಟು ಒರೆಸಿ ಬಿಳಿ ಪುಡಿಯ ಸ್ಪ್ರೇ ಹೊಡೆಯಬೇಕು. ಬಿರುಕಿದ್ದರೆ ಅದರೊಳಗೆ ಅಡಗಿದ ಕೆಂಪು ಮೇಲೆ ಬಂದು ಗೆರೆ ಮೂಡುತ್ತದೆ. ಹತ್ತು ನಿಮಿಷ ಕಾಯಬೇಕು. ಇವರು ಸೊಂಟಮಟ ನೀರಿನಲ್ಲಿ ನಿಂತು, ನೀರಿನ ಮೇಲಿದ್ದ ಒಂದೊಂದೇ ಬೆಸುಗೆ ಹಿಡಿದರು. ವಿಠೋಬಾ ಹಗ್ಗ ಹಿಡಿದುಕೊಂಡ.

ಮೊದಲನೆಯ ಕಟ್ಟೆ — ಪೈಪಿನ ಬೆಸುಗೆ ಶುದ್ಧ. ಎರಡನೆಯದು ಶುದ್ಧ. ಮೂರು, ನಾಲ್ಕು. ಶುದ್ಧ. ಪ್ರತಿ ಸಲ ಹತ್ತು ನಿಮಿಷ. ಸರ್ ದಂಡೆಯಲ್ಲಿ ಕೊಡೆ ಹಿಡಿದು ನಿಂತಿದ್ದರು. ಐದನೆಯದರಲ್ಲೂ ಪೈಪು ಶುದ್ಧ. ರಾಜರತ್ನ ಬರೆದುಕೊಂಡರು. ನನ್ನ ಕಡೆ ನೋಡಲಿಲ್ಲ.

"ಪೈಪಿಗೆ ಏನೂ ಆಗಿಲ್ಲ," ಅಂದರು ಇವರು. ತಪಾಸಣೆ ಮಾಡುವವರ ದನಿ, ಗಂಡನ ದನಿಯಲ್ಲ. "ಬರ್ಕೋರಿ."

ಆಮೇಲೆ ಕಂಬಗಳ ಬುಡ. ಕಾಲುಸೇತುವೆಯ ಕಂಬವನ್ನು ಕಟ್ಟೆಯ ತಗಡಿಗೆ ಹಚ್ಚಿದ ಬೆಸುಗೆ. ನಡುಹೊಳೆಯದು, ಏರ್‌ವಾಲ್ವ್ ಕೆಳಗಿನದು. ಬಿಳಿ ಹೊಡೆದು ಎರಡು ನಿಮಿಷವೂ ಆಗಿರಲಿಲ್ಲ. ಕೆಂಪು ಇಣುಕಿತು. ಮೊದಲು ಕೂದಲಿನಷ್ಟು. ಆಮೇಲೆ ದಪ್ಪ. ಕಂಬದ ಮೂರು ಬದಿ ಸುತ್ತಿಕೊಂಡು ನಾಲ್ಕನೆಯ ಬದಿಯಲ್ಲಿ ಎರಡು ಬೆರಳು ಬಿಟ್ಟು ನಿಂತಿತು.

ಎರಡು ಬೆರಳಿನ ಬೆಸುಗೆ ಸೇತುವೆ ಹಿಡಿದುಕೊಂಡಿತ್ತು.

ಇವರು ಕೈಯಿಂದ ಕಂಬ ಅಲುಗಿಸಿದರು. ಅಲುಗಿತು. ವಿಠೋಬಾ ಹಗ್ಗ ಬಿಟ್ಟು ಬಂದು ತಾನೂ ಅಲುಗಿಸಿ ನೋಡಿದ.

ಸರ್ ಪ್ಯಾಂಟ್ ಮಡಚದೆ ನೀರಿಗಿಳಿದು ಬಂದರು. ಬಗ್ಗಿ, ಕನ್ನಡಕ ತೆಗೆದು, ಕೆಂಪು ಗೆರೆ ನೋಡಿದರು. "ಮೂರೂವರೆ ಅಂತ ನಾ ಸಹಿ ಮಾಡಿದ್ದೆ," ಅಂದರು. ನನಗಲ್ಲ, ವಿಠೋಬಾಗೆ.

ಆಗಸ್ಟ್ 28

ವಿಠೋಬಾನ ಅಮಾನತು ರದ್ದು. ಸೇತುವೆ ಬಂದ್. ದಂಡೆಯಿಂದಲೇ ತೆಗೆಯುವ ಏರ್‌ವಾಲ್ವ್ ಹಾಕುತ್ತಾರಂತೆ. ಸಾಮಾನು ಬರಲು ಎರಡು ತಿಂಗಳು. ಅಲ್ಲಿಯವರೆಗೆ ನೀರು 1.8 ದಾಟಿದರೆ ಪಂಪ್ ಬಂದ್, ಅದಕ್ಕಿಂತ ಕೆಳಗಿದ್ದಾಗ ದೋಣಿಯಲ್ಲಿ ಹೋಗಿ ವಾಲ್ವ್ ತೆಗೆಯುವುದು. ಹೊಸ ವರದಿಗೆ ಸರ್ ಸಹಿ ಹಾಕಿದರು, ನನ್ನ ಹೆಸರಿನ ಕೆಳಗೆ.

ಎಲ್ಲರೂ ಶಭಾಷ್ ಅನ್ನುತ್ತಿದ್ದಾರೆ. ಪ್ರಿನ್ಸಿಪಾಲರು ಸ್ಟಾಫ್ ರೂಮಿಗೆ ಬಂದು ಕೈ ಕುಲುಕಿದರು.

ಆದರೆ ಪೈಪಿಗೆ ಏನೂ ಆಗಿರಲಿಲ್ಲ. ಅದು ನನ್ನನ್ನು ಬಿಡುತ್ತಿಲ್ಲ. ಪೈಪು ತಡೆದುಕೊಂಡಿತು, ನೀರು ಹೋಗಬಹುದಿತ್ತು. ಹೋಗಬೇಕಾದರೆ ವಿಠೋಬಾ ನಡೆಯಬೇಕಿತ್ತು. ನಡೆದಿದ್ದರೆ ಎರಡು ಬೆರಳು... ಈ ಕಡೆ ವಿಠೋಬಾ, ಆ ಕಡೆ ಆ ಮಗು. ನಾನು ಪಂಪ್ ನಿಲ್ಲಿಸಬೇಕು ಅಂತ ಬರೆದೆ. ನಿಲ್ಲಿಸಿದ ಮೇಲೆ ಅವರು ಏನು ಕುಡಿಯಬೇಕು ಅಂತ ಒಂದು ಸಾಲೂ ಬರೆಯಲಿಲ್ಲ. ಹೊಳೆಯಲಿಲ್ಲ ಕೂಡ.

ಆಗಸ್ಟ್ 31, ಭಾನುವಾರ

ಸುಗರಾಬಿಯ ಊರಿಗೆ ಹೋಗಿದ್ದೆ. ಒಬ್ಬಳೇ. ಮನೆ ಕೇಳಿಕೊಂಡು ಹೋದೆ. ಮಗು ಕಟ್ಟೆಯ ಮೇಲೆ ಕೂತು ಕಡಲೆ ತಿನ್ನುತ್ತಿತ್ತು. ಕಾಲು ಕಡ್ಡಿಯಾಗಿವೆ. ಆಕೆ ಗುರುತು ಹಿಡಿಯಲಿಲ್ಲ. ದನಿ ಕೇಳಿದ ಮೇಲೆ ಹಿಡಿದಳು. ಕುಂದ್ರಿ ಅನ್ನಲಿಲ್ಲ.

ನಿಂತೇ ಹೇಳಿದೆ. ಪೈಪು ಗಟ್ಟಿ ಇತ್ತು, ನೀರು ಬರಬಹುದಿತ್ತು. ಸೇತುವೆ ಮುರಿಯುವುದರಲ್ಲಿತ್ತು. ಅದರ ಮೇಲೆ ಒಬ್ಬ ಮನುಷ್ಯ ಹೋಗಬೇಕಿತ್ತು. ಏನೂ ಮುಚ್ಚಿಡಲಿಲ್ಲ.

ಪೂರ್ತಿ ಕೇಳಿಸಿಕೊಂಡಳು. "ಆ ಮನಷ್ಯಾಗ ಮಕ್ಕಳೆಷ್ಟು?"

"ಮೂರು."

ಸೆರಗಿನಿಂದ ಮಗುವಿನ ಬಾಯಿ ಒರೆಸಿದಳು. ಬಾಗಿಲಲ್ಲಿ ಕೊಡಗಳು, ತುಂಬಿದವು, ಮೇಲೆ ತಾಟು ಮುಚ್ಚಿದ್ದವು.

"ಬಂದ್ ಮಾಡಿದ್ದು ಬರೋಬರಿ ಅದ ಬಿಡ್ರಿ. ನೀವು ಓದಿದವ್ರು, ನಮಗ್ಯಾಕ ಮದ್ಲ ಹೇಳಲಿಲ್ಲ? ಒಂದ್ ದಿನ ಮದ್ಲ ಹೇಳಿದ್ರ ಕೊಡ, ಹಂಡೆ, ಬಕೀಟ್ ಎಲ್ಲ ತುಂಬಿ ಇಟ್ಕೋತಿದ್ವಿ. ನಾಲ್ಕ್ ದಿನ ಕುಡಿಲಾಕ ಎಷ್ಟ್ ನೀರ್ ಬೇಕ್ರಿ?"

ಎಂಟು ಕೊಡ. ಅವಳೇ ಹೇಳಿದಳು. ಮನೆಗೆ ಎಂಟು ಕೊಡ.

ಆಮೇಲೆ, "ಕುಂದ್ರಿ," ಅಂದಳು.

ಸೆಪ್ಟೆಂಬರ್ 4

ಥೀಸಿಸ್ ಈ ತಿಂಗಳಿಗೆ ಆಗುವುದಿಲ್ಲ ಅಂತ ಸರ್‌ಗೆ ಹೇಳಿದೆ. ನಾಲ್ಕನೆಯ ಅಧ್ಯಾಯ ಪೂರ್ತಿ ತೆಗೆಯಬೇಕು. "ತಗಿ," ಅಂದರು. "ಆರನೇ ವರ್ಷಕ್ಕ ಫೀಸ್ ಕಟ್ಟೋ ಫಾರ್ಮ್ ನಾ ಸಹಿ ಮಾಡಿ ಇಟ್ಟೀನಿ."

ಬೇರೆ ಕೆಲಸ ಹಿಡಿದಿದ್ದೇನೆ. ಚಿಂಚೋಳಿ ಕಡೆ ಬಿದ್ದ ಮಳೆ ಮುಲ್ಲಾಮಾರಿ ಹಿಡಿದು ಕಾಗಿಣಾ ಸೇರಿ ಗಡ್ಡಿ ಮುಟ್ಟಲು ಎಷ್ಟು ತಾಸು? ವಿಠೋಬಾನ ಗೇಜ್ ಪುಸ್ತಕ ಹನ್ನೊಂದು ವರ್ಷದ್ದಿದೆ, ಒಂದು ದಿನವೂ ಬಿಟ್ಟಿಲ್ಲ. ಸುಲೇಪೇಟ, ಸೇಡಂ ಮಳೆಯ ಅಂಕಿ ರಾಜರತ್ನ ತಂದುಕೊಟ್ಟರು. ಪುಟದ ಮೇಲೆ ಪುಟ ಹೋಲಿಸುತ್ತಿದ್ದೇನೆ. ಇದಕ್ಕೆ ಕಂಪ್ಯೂಟರ್ ಬೇಡ.

ಹದಿನೆಂಟರಿಂದ ಇಪ್ಪತ್ತಾರು ತಾಸು ಅಂತ ಬರುತ್ತಿದೆ. ತಪ್ಪಿರಬಹುದು. ಈ ಸಲ ತಪ್ಪಿದರೆ ಕೊಡ ತುಂಬಿದ್ದಷ್ಟೇ ನಷ್ಟ.

ಒಂಬತ್ತು ಹಳ್ಳಿಯಲ್ಲಿ ಒಬ್ಬೊಬ್ಬರ ನಂಬರ್ ತಗೊಂಡೆ.

ಸೆಪ್ಟೆಂಬರ್ 11, ಗುರುವಾರ, ಬೆಳಿಗ್ಗೆ 6.40

ಚಿಂಚೋಳಿಯಲ್ಲಿ ಬೆಳಗಿನ ಆರರಿಂದ ಜೋರು ಮಳೆ. ಸುಲೇಪೇಟದಲ್ಲೂ. ಗಡ್ಡಿಯಲ್ಲಿ ಬಿಸಿಲು. ಗೇಜ್ 1.0. ಅಲ್ಲಿ ನಿಂತು ನೋಡಿದವರು ನಂಬುವುದಿಲ್ಲ.

ರಾಜರತ್ನಗೆ ಹೇಳಿದೆ. ಮಧ್ಯರಾತ್ರಿಗೆ ಬಂದ್ ಮಾಡಬೇಕಾದೀತು, ಅಲ್ಲಿಯತನಕ ಪಂಪ್ ಎಡೆಬಿಡದೆ ನಡೆಯಲಿ. "ಸರಿ ಮೇಡಂ" ಅಂದರು. ಬರೆದು ಕೊಡ್ರಿ ಅನ್ನಲಿಲ್ಲ.

6.55. ಸುಗರಾಬಿ ಮೊದಲ ರಿಂಗಿಗೇ ಎತ್ತಿದಳು.

"ಎಷ್ಟ್ ತಾಸ್ ಅದ್ರಿ?"

"ಹದಿನೆಂಟು ಹಿಡೀರಿ. ಹೆಚ್ಚಾದ್ರ ಚಲೋ."

"ಆತು." ಫೋನ್ ಇಡದೆಯೇ ಓಣಿಯ ಕಡೆ ತಿರುಗಿ ಕೂಗಿದಳು. ಕೊಡಗಳ ಸದ್ದು.

7.05. ಎರಡನೆಯ ಹಳ್ಳಿ. ಎತ್ತಿದರು. ಮೂರನೆಯದು ಬಿಜಿ. ನಾಲ್ಕನೆಯದು ರಿಂಗ್ ಆಗುತ್ತಿದೆ, ಇನ್ನೂ ಎತ್ತಿಲ್ಲ —